ಕಡಲಿಲ್ಲದ ಊರಿನಲ್ಲೊಂದು ಕಿರುಗಡಲು

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಇಂದು ಯಾರಿಗೂ ಹೊಸದಲ್ಲ. ಪೇಟೆಯ ಅಂಗಡಿಗಳಲ್ಲಿ, ದವಾಖಾನೆಗಳ ಪಡಸಾಲೆಗಳಲ್ಲಿ ಅಂಥ ತೊಟ್ಟಿಗಳನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಅವು ಬಹುತೇಕ ಸಿಹಿನೀರಿನ ತೊಟ್ಟಿಗಳು. ಕಡಲಿನ ಜೀವಿಗೆ ಕಡಲಿನಂಥ ನೀರನ್ನೇ ಒದಗಿಸಿ, ಕಡಲಿನಿಂದ ದೂರವಿರುವ ನಮ್ಮ ಊರುಗಳಲ್ಲಿ ಅದನ್ನು ಬದುಕಿಸಲು ಸಾಧ್ಯವೆ? ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರುಗಳಿಂದ ಬಂದು ಒಂದೇ ಕೋಣೆಯಲ್ಲಿರುವ ನಾವು ನಾಲ್ವರು ಗೆಳೆಯರು ಈ ಪ್ರಶ್ನೆಯ ಬೆನ್ನು ಹತ್ತಿ ಒಂದು ಚಿಕ್ಕ ತೊಟ್ಟಿಯನ್ನು ಸಿದ್ಧಪಡಿಸಿದೆವು. ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಇಂಥ ವಿಷಯಕ್ಕೆ ಕೈಹಾಕಿದ್ದು ಕೆಲವರಿಗೆ ಅಚ್ಚರಿಯೆನಿಸಬಹುದು. ಆದರೆ ಈ ಕೆಲಸಕ್ಕೆ ಬೇಕಾದ ವಿಜ್ಞಾನವು ಒಕ್ಕಲುತನದ ಮನೆಯ ಮಕ್ಕಳಿಗೆ ಅಪರಿಚಿತವಾದುದಲ್ಲ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ನಮ್ಮದು ಕೆರೆಗಳ ಸೀಮೆ. ಹಾನಗಲ್ಲಿನ ಆನಿಕೆರೆ, ಸವಣೂರಿನ ಮೋತಿ ತಲಾಬ, ಹಿರೇಕೆರೂರಿನ ದುರ್ಗಾದೇವಿ ಕೆರೆ, ಇವೆಲ್ಲ ನಮಗೆ ಚಿರಪರಿಚಿತ. ಹಾನಗಲ್ಲಿನಿಂದ ಶಿರಸಿ ಹಾಯ್ದು ದೇವಿಮನೆ ಘಟ್ಟ ಇಳಿದರೆ ಕುಮಟೆಯ ಕಡಲು ಸಿಕ್ಕುತ್ತದೆ. ಹೀಗೆ ಪಡುಗಡಲು ಅರ್ಧ ದಿನದ ದಾರಿಯಲ್ಲಿದ್ದರೂ ನಮ್ಮ ಮಳೆನೀರು ಅತ್ತ ಹರಿಯುವುದಿಲ್ಲ. ವರದಾ, ಕುಮುದ್ವತಿ ನದಿಗಳ ಮೂಲಕ ತುಂಗಭದ್ರೆಯನ್ನೂ, ಆಮೇಲೆ ಕೃಷ್ಣೆಯನ್ನೂ ಕೂಡಿ ದೂರದ ಬಂಗಾಳ ಉಪಸಾಗರಕ್ಕೆ ಹೋಗುತ್ತದೆ. ಆದುದರಿಂದ ನಮಗೆ ಕಡಲು ಬೇಕಾದರೆ ಅದನ್ನು ನಾವೇ ಮಾಡಿಕೊಳ್ಳಬೇಕು.

ಇದು ಹಳೆಯ ಹವ್ಯಾಸವೇ. ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆಯೊಂದು ತೆರೆದದ್ದು 1853ರಲ್ಲಿ. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞನು ‘ಅಕ್ವೇರಿಯಂ’ ಎಂಬ ಹೆಸರಿನ ಪುಸ್ತಕವನ್ನು ಪ್ರಕಟಿಸಿದನು. ಆ ಶಬ್ದವು ಜನರ ಬಾಯಲ್ಲಿ ನೆಲೆಗೊಂಡದ್ದು ಅಲ್ಲಿಂದೀಚೆಗೆ.

ಮೊದಲನೆಯದಾಗಿ ನೀರಿನ ವಿಚಾರ. ನೀರಿಗೆ ಅಡಿಗೆಯ ಉಪ್ಪನ್ನು ಬೆರೆಸಿದರೆ ಕಡಲ ನೀರಾಗುತ್ತದೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅವುಗಳಲ್ಲಿ ಕ್ಲೋರೈಡು ಮತ್ತು ಸೋಡಿಯಂಗಳ ಪಾಲು ಶೇಕಡಾ 85ರಷ್ಟು. ಉಳಿದದ್ದರಲ್ಲಿ ಸಲ್ಫೇಟು, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳು ಮುಖ್ಯವಾದವು. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪು ಕಡಲಿನದೇ ಅಲ್ಲವೆ ಎಂದು ಕೇಳಬಹುದು. ಉಪ್ಪಿನ ಆಗರದಲ್ಲಿ ನೀರು ಆರುತ್ತ ಬಂದಂತೆ ಮೊದಲು ಸುಣ್ಣದ ಅಂಶವೂ ಜಿಪ್ಸಮ್ಮೂ ತಳಕ್ಕೆ ಇಳಿಯುತ್ತವೆ. ಆಮೇಲೆ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ ಬಹುಮಟ್ಟಿಗೆ ಕೊನೆಯ ಕಹಿನೀರಿನಲ್ಲಿಯೇ ಉಳಿದುಬಿಡುತ್ತದೆ. ಅಂದಮೇಲೆ ಉಪ್ಪು ಕಡಲಿನಿಂದ ಬಂದರೂ ಅದರಲ್ಲಿ ಇಡೀ ಕಡಲು ಇರುವುದಿಲ್ಲ. ಆದುದರಿಂದ ಮೀನುತೊಟ್ಟಿಗೆಂದೇ ಎಲ್ಲ ಲವಣಗಳನ್ನೂ ಸೇರಿಸಿ ಮಾರುವ ಮಿಶ್ರಣವನ್ನು ತರುವುದು ಒಳ್ಳೆಯದು. ಕರಾವಳಿಯಿಂದ ನೀರನ್ನೇ ಹೊತ್ತು ತರಬಹುದಾದರೂ, ಅಘನಾಶಿನಿಯಂಥ ನದಿಯ ಅಳಿವೆಯ ಹತ್ತಿರ ಅದು ಮಳೆಗಾಲದಲ್ಲಿ ಕದಡಿ, ಉಪ್ಪು ಇಳಿದು, ನಂಬಲು ಬಾರದಂತಾಗುತ್ತದೆ.

ನಮ್ಮ ತೊಟ್ಟಿಯು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು. ತುಂಬ ಹಿಡಿದರೆ 56 ಲೀಟರು. ಮೇಲೆ ತುಸು ಜಾಗ ಬಿಟ್ಟು 50 ಲೀಟರು ತುಂಬಿದೆವು. ಇದಕ್ಕಿಂತ ಚಿಕ್ಕದು ಸುಲಭವೆಂದು ತೋರಿದರೂ ನಿಜದಲ್ಲಿ ಕಷ್ಟ. ನೀರು ಕಡಿಮೆಯಿದ್ದಷ್ಟೂ ಉಷ್ಣತೆಯೂ ಉಪ್ಪಿನ ಪ್ರಮಾಣವೂ ಬೇಗ ಏರಿಳಿಯುತ್ತವೆ. ಬೋರಿನ ನೀರು ಗಡುಸಾಗಿರುತ್ತದೆ, ಕೆಲವೆಡೆ ನೈಟ್ರೇಟನ್ನೂ ಹೊತ್ತಿರುತ್ತದೆ. ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಆದ್ದರಿಂದ ನಾವು ಶುದ್ಧ ಕುಡಿಯುವ ನೀರಿನ ಘಟಕದಿಂದ ಕೊಡಗಳಲ್ಲಿ ನೀರು ತಂದೆವು. 50 ಲೀಟರಿಗೆ ಒಂದೂಮುಕ್ಕಾಲರಿಂದ ಎರಡು ಕಿಲೋ ಲವಣ ಬೇಕಾಗುತ್ತದೆ. ಅದನ್ನು ಬಕೆಟ್ಟಿನಲ್ಲಿ ಕರಗಿಸಿ, ಗಾಳಿಯಾಡಿಸಿ, ಒಂದು ದಿನ ಬಿಟ್ಟು ಹೈಡ್ರೋಮೀಟರಿನಿಂದ ಅಳೆಯಬೇಕು. ಸಾಪೇಕ್ಷ ಸಾಂದ್ರತೆಯು 1.025ರ ಆಸುಪಾಸಿನಲ್ಲಿರಬೇಕು, ಅಂದರೆ ಒಂದು ಲೀಟರು ಉಪ್ಪುನೀರು ಅಷ್ಟೇ ಸಿಹಿನೀರಿಗಿಂತ ಸುಮಾರು 25 ಗ್ರಾಂ ಹೆಚ್ಚು ತೂಗಬೇಕು. ತುಂಬಿದ ತೊಟ್ಟಿಯ ಭಾರ ಗಾಜು ಸೇರಿ 60 ಕಿಲೋ ದಾಟುವುದರಿಂದ ಅಲುಗಾಡುವ ಮೇಜಿನ ಮೇಲೆ ಇಡಲಾಗದು.

ತಳಕ್ಕೆ ಏನು ಹಾಕಬೇಕು? ಹೊರದೇಶದ ಪುಸ್ತಕಗಳು ಹವಳದ ದಿಬ್ಬದಿಂದ ತೆಗೆದ, ಜೀವಿಗಳು ತುಂಬಿದ ಕಲ್ಲನ್ನು ಹೊಗಳುತ್ತವೆ. ನಮ್ಮಲ್ಲಿ ಆ ಮಾತೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯ ಮೊದಲನೆಯ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳನ್ನೂ ಕಡಲುಗುದುರೆಗಳನ್ನೂ 2001ರಲ್ಲಿ ಸೇರಿಸಲಾಯಿತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳವನ್ನು ನಮ್ಮ ಕೋಣೆಯ ಅಂದಕ್ಕಾಗಿ ಮುರಿಯುವುದು ಅಪರಾಧವಷ್ಟೇ ಅಲ್ಲ, ಅನ್ಯಾಯವೂ ಹೌದು. ಕರಾವಳಿಯ ಜನರು ತಿಂದು ಎಸೆದ ಬಳಚಿನ ಚಿಪ್ಪುಗಳನ್ನು ತಂದು, ಕುದಿಸಿ, ತಿಕ್ಕಿ ತೊಳೆದು, ಒಡೆದು ಹಾಸಿದರೆ ಕೆಲಸ ಸಾಗುತ್ತದೆ. ಜೊತೆಗೆ ಅಂಗಡಿಯಲ್ಲಿ ಸಿಕ್ಕುವ ರಂಧ್ರವುಳ್ಳ ಪಿಂಗಾಣಿ ಬಿಲ್ಲೆಗಳನ್ನು ನೀರು ಹಾಯುವ ಸೋಸುಗದಲ್ಲಿ ಇಡಬೇಕು.

ಇಷ್ಟಾದಾಗ ತೊಟ್ಟಿ ಸಿದ್ಧವಾದಂತೆ ಕಾಣುತ್ತದೆ. ನೀರು ತಿಳಿಯಾಗಿದೆ, ಉಪ್ಪು ಸರಿಯಾಗಿದೆ, ಗಾಳಿಯ ಗುಳ್ಳೆಗಳು ಏಳುತ್ತಿವೆ. ಮೀನು ಬಿಡಲು ತಡವೇಕೆ? ನಮ್ಮ ಸವಣೂರಿನ ಗೆಳೆಯನು ಎರಡನೆಯ ದಿನವೇ ಈ ಪ್ರಶ್ನೆಯನ್ನು ಕೇಳಿದನು. ಈ ಹವ್ಯಾಸದ ಸಾರವೆಲ್ಲ ಇದರ ಉತ್ತರದಲ್ಲಿಯೇ ಅಡಗಿದೆ.

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅಮೋನಿಯಾ ಹುಟ್ಟುತ್ತದೆ. ವಿಶಾಲವಾದ ಕಡಲಿನಲ್ಲಿ ಅದು ಚದುರಿಹೋಗುತ್ತದೆ. 50 ಲೀಟರಿನಲ್ಲಿ ಹೋಗಲು ದಾರಿಯಿಲ್ಲ. ಅದರಲ್ಲೂ ಕಡಲ ನೀರು ತುಸು ಕ್ಷಾರಗುಣದ್ದು, ಪಿಎಚ್ 8.2ರ ಸುಮಾರು. ಅಂಥ ನೀರಿನಲ್ಲಿ ಅಮೋನಿಯಾದ ವಿಷಕಾರಿ ರೂಪದ ಪ್ರಮಾಣವು ಪಿಎಚ್ 7 ಇರುವ ನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಈ ವಿಷವನ್ನು ಕಳೆಯುವವರು ಯಾರು? ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟನ್ನಾಗಿ ಮಾಡುತ್ತವೆ. ಮತ್ತೊಂದು ಬಗೆಯವು ನೈಟ್ರೈಟನ್ನು ನೈಟ್ರೇಟನ್ನಾಗಿ ಮಾಡುತ್ತವೆ. ನೈಟ್ರೇಟಿನ ಬಾಧೆ ಬಹಳ ಕಡಿಮೆ.

ನಮ್ಮ ತಂದೆತಾಯಿಗಳ ಹೊಲದಲ್ಲಿ ನಡೆಯುವುದೂ ಇದೇ. ತಿಪ್ಪೆಯ ಗೊಬ್ಬರವಾಗಲಿ, ಚೀಲದ ಯೂರಿಯಾ ಆಗಲಿ, ಮಣ್ಣಿನಲ್ಲಿ ಮೊದಲು ಅಮೋನಿಯಾ ಆಗಿ, ಆಮೇಲೆ ಇಂಥವೇ ಸೂಕ್ಷ್ಮಾಣುಗಳಿಂದ ನೈಟ್ರೇಟಾಗಿ ಗೋವಿನಜೋಳದ ಬೇರಿಗೆ ಒದಗುತ್ತದೆ. ಮೀನುತೊಟ್ಟಿಯನ್ನು ಅಣಿಗೊಳಿಸುವುದೆಂದರೆ ನೀರು ತುಂಬುವುದಲ್ಲ. ಹೊಲವನ್ನು ಹದ ಮಾಡಿದಂತೆ ಅದನ್ನು ಹದಕ್ಕೆ ತರುವುದು. ಹದವಾಗದ ಹೊಲದಲ್ಲಿ ಬಿತ್ತುವವರುಂಟೆ?

ಈ ಸಂಗತಿಯನ್ನು ಮೊದಲು ತೋರಿಸಿದವರು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್. 1877ರಲ್ಲಿ ಅವರು ಮರಳು ಮತ್ತು ಸುಣ್ಣದ ಕಲ್ಲು ತುಂಬಿದ ಕೊಳವೆಯ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು 20 ದಿನ ಅಮೋನಿಯಾ ಹಾಗೆಯೇ ಹೊರಬಂದಿತು. ಅನಂತರ ನೈಟ್ರೇಟು ಕಾಣಿಸಿಕೊಂಡಿತು. ಕ್ಲೋರೋಫಾರ್ಮಿನ ಆವಿಯನ್ನು ಹಾಯಿಸಿದೊಡನೆ ಆ ಕ್ರಿಯೆ ನಿಂತುಹೋಯಿತು. ಕೇವಲ ರಸಾಯನ ಕ್ರಿಯೆಯಾಗಿದ್ದರೆ ಅದು ನಿಲ್ಲಬೇಕಾಗಿರಲಿಲ್ಲ. ಜೀವಿಗಳ ಕೆಲಸವಾದ್ದರಿಂದಲೇ ನಿಂತಿತು. ಮುಂದೆ 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್ಸ್ಕಿಯು ಈ ಸೂಕ್ಷ್ಮಾಣುಗಳನ್ನು ಬೇರ್ಪಡಿಸಿ ಬೆಳೆಸಿದನು. ಅನುಕೂಲವಿದ್ದಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಬ್ಯಾಕ್ಟೀರಿಯಾಗಳೂ ಉಂಟು. ಆದರೆ ಇವು ಇಮ್ಮಡಿಯಾಗಲು ಹಲವು ಗಂಟೆಗಳಿಂದ ಒಂದು ದಿನದವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ನಾವು ಕಾಯಬೇಕಾದ ಕಾರಣ ಇದೇ.

ಮೀನಿಲ್ಲದೆ ಈ ಸೂಕ್ಷ್ಮಾಣುಗಳಿಗೆ ಆಹಾರ ಕೊಡುವುದು ಹೇಗೆ? ಕಲಾಯಿ ಹಾಕುವವರು ಬಳಸುವ ನವಸಾಗರವನ್ನು ಎಲ್ಲರೂ ಬಲ್ಲರು. ಅದೇ ಅಮೋನಿಯಂ ಕ್ಲೋರೈಡು. ಕಲಾಯಿಯವರಲ್ಲಿರುವ ಕಲಬೆರಕೆಯದು ಬೇಡ. ಪ್ರಯೋಗಶಾಲೆಗೆ ಮಾರುವ ಶುದ್ಧ ಪುಡಿ ಬೇಕು. 50 ಲೀಟರಿಗೆ ಸುಮಾರು 0.4 ಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಮಿನಷ್ಟು ಅಮೋನಿಯಾ ಆಗುತ್ತದೆ. ಹೆಚ್ಚು ಹಾಕಿದರೆ ಬೇಗವಾಗುವುದಿಲ್ಲ, ಕ್ರಿಯೆಯೇ ಕುಂಠಿತವಾಗುತ್ತದೆ. ಸೂಕ್ಷ್ಮಾಣುಗಳನ್ನು ಸೀಸೆಯಲ್ಲಿ ತುಂಬಿ ಮಾರುವುದೂ ಉಂಟು; ಅದನ್ನು ಹಾಕಿದರೂ ನೀರಿನ ಪರೀಕ್ಷೆ ತಪ್ಪಿದ್ದಲ್ಲ. ನೀರಿನ ಉಷ್ಣತೆಯು 26 ಡಿಗ್ರಿಯ ಸುಮಾರಿನಲ್ಲಿರಲಿ. ದೀಪ ಬೇಡ, ಬೆಳಕು ಹೆಚ್ಚಾದರೆ ಪಾಚಿಯೊಂದೇ ಬೆಳೆಯುತ್ತದೆ.

ನಾವು ದಿನ ಬಿಟ್ಟು ದಿನ ನೀರನ್ನು ಪರೀಕ್ಷಿಸಿ ಒಂದು ವಹಿಯಲ್ಲಿ ಬರೆದಿಟ್ಟೆವು. ಮೊದಲ ವಾರ ಅಮೋನಿಯಾ ಕದಲಲೇ ಇಲ್ಲ. ಎರಡನೆಯ ವಾರ ಅದು ಇಳಿಯತೊಡಗಿ ನೈಟ್ರೈಟು ತಲೆಯೆತ್ತಿತು. ಮೂರು, ನಾಲ್ಕನೆಯ ವಾರಗಳಲ್ಲಿ ಅಮೋನಿಯಾ ಇಲ್ಲವಾದರೂ ನೈಟ್ರೈಟು ಏರಿಯೇ ಇತ್ತು. ಅಮೋನಿಯಾ ಇಳಿದಾಗಲೆಲ್ಲ ನವಸಾಗರವನ್ನು ಸ್ವಲ್ಪ ಸ್ವಲ್ಪ ಹಾಕುತ್ತಿದ್ದೆವು. ಐದನೆಯ ವಾರದ ಕೊನೆಗೆ ನೈಟ್ರೈಟೂ ಇಳಿದು ನೈಟ್ರೇಟು ಮಾತ್ರ ಉಳಿಯಿತು. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಕೊನೆಯ ಪರೀಕ್ಷೆ ಹೀಗೆ: ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಹಾಕಿ, 24 ಗಂಟೆಗಳ ನಂತರ ನೋಡಿದರೆ ಅಮೋನಿಯಾವೂ ನೈಟ್ರೈಟೂ ಎರಡೂ ಇರಬಾರದು. ಅಷ್ಟಾದಮೇಲೆ ಸಂಗ್ರಹವಾದ ನೈಟ್ರೇಟನ್ನು ಕಳೆಯಲು ಅರ್ಧದಷ್ಟು ನೀರನ್ನು ಬದಲಿಸಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅಮೋನಿಯಾ ತುಂಬಿದ್ದ ಮೊದಲ ವಾರದಲ್ಲಿ ನಮ್ಮ ನೀರು ಸ್ಫಟಿಕದಂತಿತ್ತು. ಹದಕ್ಕೆ ಬಂದ ಐದನೆಯ ವಾರದಲ್ಲಿಯೋ ಗಾಜಿಗೆ ಕಂದುಬಣ್ಣದ ಪಾಚಿ ಹತ್ತಿ ನೋಡಲು ಮಂಕಾಗಿತ್ತು. ಕಣ್ಣನ್ನು ನಂಬುವವನು ಮೊದಲ ವಾರವೇ ಮೀನು ಬಿಟ್ಟು, ಅದು ಕಿವಿರು ಬೆಂದು ಏದುಸಿರು ಬಿಡುತ್ತ ಸಾಯುವುದನ್ನು ನೋಡಬೇಕಾಗುತ್ತದೆ. ಅಂಗಡಿಯಲ್ಲಿರುವ ಕಡಲ ಮೀನುಗಳಲ್ಲಿ ಬಹಳಷ್ಟು ಹವಳದ ದಿಬ್ಬಗಳಲ್ಲಿ ಹಿಡಿದಂಥವು. ಸತ್ತದ್ದರ ಬದಲು ಇನ್ನೊಂದನ್ನು ಕೊಂಡಾಗ ದಿಬ್ಬದಲ್ಲಿ ಇನ್ನೊಂದು ಕಡಿಮೆಯಾಗುತ್ತದೆ. ನಮ್ಮ ಅವಸರದ ಬೆಲೆಯನ್ನು ತೆರುವುದು ಮೂಕಪ್ರಾಣಿ.

ಹದವಾದ ತೊಟ್ಟಿಗೆ ಮೊದಲ ಅತಿಥಿಯಾಗಿ ಕರಿ ಮೋಲಿ ಮೀನು ಉತ್ತಮ. ಸಿಹಿನೀರಿನ ಅಂಗಡಿಯಲ್ಲೇ ಅಗ್ಗವಾಗಿ ಸಿಕ್ಕುವ ಈ ಮೀನನ್ನು ನಿಧಾನವಾಗಿ ಉಪ್ಪು ಏರಿಸುತ್ತ ಹೋದರೆ ಕಡಲ ನೀರಿಗೂ ಒಗ್ಗಿಕೊಳ್ಳುತ್ತದೆ. ಕಡಲ ಮೀನೇ ಬೇಕೆಂದರೆ ಹ್ಯಾಚರಿಯಲ್ಲಿ ಬೆಳೆದ ಕ್ಲೌನ್ ಮೀನನ್ನು ಕೇಳಿ ತರಬೇಕು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಅದನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ರೂಪಿಸಿದೆ. ಇಷ್ಟು ಚಿಕ್ಕ ತೊಟ್ಟಿಗೆ ಒಂದು ಇಲ್ಲವೆ ಎರಡು ಮೀನು ಸಾಕು.

ದಿನನಿತ್ಯದ ಆರೈಕೆ ಹೆಚ್ಚೇನಿಲ್ಲ. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಆದುದರಿಂದ ಆರಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರನ್ನು ತೆಗೆದು ಹೊಸ ಉಪ್ಪುನೀರು ಹಾಕಬೇಕು. ಸೂಕ್ಷ್ಮಾಣುಗಳಿಗೂ ಪ್ರಾಣವಾಯು ಬೇಕಾದ್ದರಿಂದ, ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಯುವ ಚಿಕ್ಕ ಗಾಳಿಯಂತ್ರ ಕೈಯಳತೆಯಲ್ಲಿರಲಿ. ಸೋಸುಗವನ್ನು ನಳದ ನೀರಿನಲ್ಲಿ ತೊಳೆಯಬಾರದು. ಆರು ವಾರ ಬೆಳೆಸಿದ ಸಂಸಾರವು ಕ್ಲೋರಿನ್ನಿಗೆ ಬಲಿಯಾಗುತ್ತದೆ. ತೆಗೆದ ಉಪ್ಪುನೀರನ್ನು ಗಿಡಗಳ ಬುಡಕ್ಕೆ ಚೆಲ್ಲಬಾರದು. ಸವಣೂರಿನ ಎಲೆಬಳ್ಳಿಗಾಗಲಿ ಅಂಗಳದ ತುಳಸಿಗಾಗಲಿ ಅದು ವಿಷವೇ. ಬೇಡವಾದ ಮೀನನ್ನು ನಮ್ಮ ಕೆರೆಗಳಿಗೆ ಬಿಡುವುದಂತೂ ಸಲ್ಲದು. ಪರದೇಶದ ಜೀವಿಗಳು ಹಾಗೆಯೇ ಬೇರೂರಿ ಊರಿನ ಮೀನಿಗೆ ಕಂಟಕವಾಗುತ್ತವೆ.

ಖರ್ಚಿನ ಲೆಕ್ಕ ಕೇಳುವವರಿಗೆ ನಾನು ಹೇಳುವುದಿಷ್ಟೆ: ಗಾಜು, ಲವಣ, ಯಂತ್ರಗಳನ್ನು ಕೊಂಡು ತರಬಹುದು, ಆದರೆ ಆ ಐದಾರು ವಾರಗಳು ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಮೀನು ಬಿಡುವ ಮೊದಲು ಖಾಲಿ ತೊಟ್ಟಿಯನ್ನು ನೋಡುತ್ತ ಕೂಡುವ ಮನಸ್ಸಿದ್ದವರು ಈ ಕೆಲಸಕ್ಕೆ ಇಳಿಯಲಿ. ಅಂಥವರು ನಮ್ಮಲ್ಲಿಗೆ ಬಂದರೆ ವಹಿಯನ್ನು ತೋರಿಸಲು, ತೊಟ್ಟಿಯ ಒಂದು ಹಿಡಿ ಚಿಪ್ಪನ್ನು ಬೀಜವಾಗಿ ಕೊಡಲು ನಾವು ಸಿದ್ಧರಿದ್ದೇವೆ.