ಘಟ್ಟದಾಚೆಯ ಆನಂದಪುರ

ನೆಟ್ಟಣದಲ್ಲಿ ರೈಲಿಳಿದವರಿಗೆ ಮೊದಲು ಕಾಣುವುದು ಬೆಟ್ಟಗಳ ಸಾಲು. ಯಾತ್ರಿಕರು ಸುಬ್ರಹ್ಮಣ್ಯದ ದಾರಿ ಹಿಡಿಯುತ್ತಾರೆ; ಊರವರು ತೋಟಗಳಿಗೆ ಮರಳುತ್ತಾರೆ. ಕುಮಾರಪರ್ವತದ ಆಚೆಗೆ ಕೊಡಗು. ಆ ದಿಕ್ಕಿಗೆ ನೋಡಿದಾಗಲೆಲ್ಲ ನನಗೆ ನೆನಪಾಗುವುದು ಅಲ್ಲಿನ ಆನಂದಪುರವೆಂಬ ಊರು. ಅದರೊಡನೆ, ನನ್ನ ಬಾಲ್ಯದ ಮನೆಯ ಹಿತ್ತಿಲಲ್ಲಿ ಕವುಚಿಟ್ಟಿದ್ದ ಒಂದು ತೆಂಗಿನ ಗೆರಟೆ.

ಆ ಗೆರಟೆ ತೋಟದ ಆಳುಗಳಿಗೆ ಚಹಾ ಹೊಯ್ಯುವುದಕ್ಕೆ ಮೀಸಲು. ಮನೆಯಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ಸಂಜೆಯ ಪ್ರಾರ್ಥನೆ ಒಂದು ದಿನವೂ ತಪ್ಪುತ್ತಿರಲಿಲ್ಲ. ದೇವರ ಮುಂದೆ ಬಾಗಿದ ತಲೆ ಹಿತ್ತಿಲಿಗೆ ಹೋದೊಡನೆ ನೆಟ್ಟಗಾಗುತ್ತಿತ್ತು. ಇದರಲ್ಲಿ ವಿರೋಧವುಂಟೆಂದು ಯಾರಿಗೂ ತೋರಲಿಲ್ಲ; ನನಗೂ ತೋರಲಿಲ್ಲ.

ಆನಂದಪುರದ ಕಥೆ ಈ ವಿರೋಧವನ್ನು ಕಂಡವರ ಕಥೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತರಾದರು. ಬಾಸೆಲಿಗೆ ಹೋಗಿ ದೇವಶಾಸ್ತ್ರವನ್ನೋದಿ, 1851ರಲ್ಲಿ ದೀಕ್ಷೆ ಪಡೆದು ಮರಳಿದರು. ಅವರ ಗುರು ಹೆರ್ಮನ್ ಮೋಗ್ಲಿಂಗ್, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವರು, 1853ರಲ್ಲಿ ಕೊಡಗಿಗೆ ಹೋದರು. ಅಲ್ಲಿ ಅಸ್ಪೃಶ್ಯರೆನಿಸಿದ ದುಡಿಯುವ ಜನ ಜೀತದಲ್ಲಿದ್ದರು. ಕೆಲವರು ಭೂಮಿಗೆ ಅಂಟಿದವರು, ಕೆಲವರು ಮನೆತನಕ್ಕೆ ಸೇರಿದವರು. ಗುಲಾಮಗಿರಿಯನ್ನು ನ್ಯಾಯಾಲಯಗಳು ಮನ್ನಿಸಬಾರದೆಂಬ ಶಾಸನ 1843ರಲ್ಲಿಯೇ ಬಂದಿತ್ತು. ಆದರೆ ಅಂಗೈಯಗಲ ನೆಲವೂ ಇಲ್ಲದವನಿಗೆ ಶಾಸನ ಏನು ಕೊಟ್ಟೀತು?

ಕೌಂಡಿನ್ಯರು ಉಪದೇಶದಲ್ಲಿಯೇ ನಿಲ್ಲಲಿಲ್ಲ. ಈ ಜನರು ನೆಲೆನಿಂತು ದುಡಿದು ಉಣ್ಣುವಂತೆ ತಮ್ಮ ಹಣವನ್ನು ತೊಡಗಿಸಿ ಕಾಫಿ ತೋಟಕ್ಕೆ ನೆರವಾದರು. ಅವರ ಹೆಸರಿನಿಂದಲೇ ಆ ನೆಲೆಗೆ ಆನಂದಪುರವೆಂದು ಹೆಸರಾಯಿತು. ಯಾರ ನೆರಳು ತಾಕಬಾರದೆಂದು ಹುಟ್ಟಿನಿಂದ ಕಲಿತಿದ್ದರೋ ಅವರ ನಡುವೆಯೇ ಅವರ ಧರ್ಮ ಪರೀಕ್ಷೆಗೆ ನಿಂತಿತು.

ಧಣಿಯ ಗದ್ದೆಯನ್ನು ಬಿಟ್ಟವರು ಮಿಶನಿನ ಆಶ್ರಯಕ್ಕೆ ಬಂದರಷ್ಟೆ, ಇದು ಪೂರ್ಣ ಸ್ವಾತಂತ್ರ್ಯವೇ ಎಂದು ವಿಮರ್ಶಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ದೀಕ್ಷಾಸ್ನಾನದ ನೀರಿನಲ್ಲಿ ಜಾತಿ ಕೊಚ್ಚಿಹೋಗಲಿಲ್ಲವೆಂಬುದಕ್ಕೆ ನಮ್ಮ ನಾಡಿನ ಕ್ರೈಸ್ತ ಸಮಾಜವೇ ಸಾಕ್ಷಿ. ಆದರೂ ಒಂದು ಮಾತು ಉಳಿಯುತ್ತದೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿದ ಸಮಾರ್ಯದವನ ಕಥೆಯನ್ನು ಕೇಳಿ ತಲೆದೂಗುವವರು ಬಹಳ. ತನ್ನ ಕತ್ತೆಯಿಂದ ಇಳಿದು ನಡೆಯುವವರು ವಿರಳ. ಶ್ರದ್ಧೆಗೆ ಬೆಲೆ ತೆರಬೇಕಾಗಿ ಬಂದಾಗಲೇ ಅದು ನಡತೆಯಾಗುತ್ತದೆ.

ನಮ್ಮ ಹಿತ್ತಿಲಿನ ಗೆರಟೆ ಎಂದೋ ಹೋಯಿತು. ಸ್ಟೀಲಿನ ಲೋಟ ಬಂದಿತು. ಆದರೆ ಲೋಟದ ಜಾಗ ಹಿತ್ತಿಲಿನ ಕಟ್ಟೆಯ ಮೇಲೆಯೇ ಉಳಿಯಿತು. ಕಳೆದ ಬೇಸಗೆಯಲ್ಲಿ ನಾನು ಅದನ್ನು ತೊಳೆದು ಒಳಗಿನ ಲೋಟಗಳ ಸಾಲಿನಲ್ಲಿಟ್ಟೆ. ಮನೆಯ ಹಿರಿಯರೊಬ್ಬರು ಆ ಹೊತ್ತು ಊಟ ಮಾಡಲಿಲ್ಲ. ಮರುದಿನ ಲೋಟ ಮತ್ತೆ ಕಟ್ಟೆಯ ಮೇಲಿತ್ತು. ನಾನು ಮತ್ತೆ ಒಳಗಿಟ್ಟೆ.

ಇದು ಹೆಮ್ಮೆಯ ಮಾತಲ್ಲ. ತಮ್ಮವರನ್ನೆಲ್ಲ ಎದುರುಹಾಕಿಕೊಂಡು ಹೊರಟಾಗ ಕೌಂಡಿನ್ಯರಿಗೆ ಇಪ್ಪತ್ತು ತುಂಬಿರಲಿಲ್ಲ. ಒಂದು ಲೋಟವನ್ನು ಹೊಸ್ತಿಲು ದಾಟಿಸಲು ನನಗೆ ನಲವತ್ತು ವರ್ಷ ಬೇಕಾಯಿತು.