ಉಳಿದ ಕಾಲಿಗೆ ಊರು ಬೇಕು

ಚಾಮರಾಜನಗರದ ಕಡೆಯವರಿಗೆ ಕೊಯಮತ್ತೂರು ಪರಸ್ಥಳವೇನಲ್ಲ. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ದಾಟಿದರೆ ಅರ್ಧ ದಾರಿ ಕಳೆದಂತೆ. ಕೊಯಮತ್ತೂರಿನ ಮೆಟ್ಟುಪಾಳಯಂ ರಸ್ತೆಯಲ್ಲಿ ಗಂಗಾ ಆಸ್ಪತ್ರೆ ಇದೆ. 1978ರಲ್ಲಿ ಡಾ. ಜೆ.ಜಿ. ಷಣ್ಮುಗನಾಥನ್ ಮತ್ತು ಪತ್ನಿ ಕನಕವಲ್ಲಿ ಶುರು ಮಾಡಿದ್ದು. ಮಕ್ಕಳಲ್ಲಿ ಡಾ. ಎಸ್. ರಾಜಶೇಖರನ್ ಎಲುಬು, ಬೆನ್ನುಹುರಿ ನೋಡಿಕೊಂಡರು. ಡಾ. ಎಸ್. ರಾಜಾ ಸಭಾಪತಿ ಕೈ ಶಸ್ತ್ರಚಿಕಿತ್ಸೆಯಲ್ಲಿ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಹೆಸರು ಮಾಡಿದರು. ಆಸ್ಪತ್ರೆಯ ಚರಿತ್ರೆ ಇಷ್ಟು ಸಾಕು. ನನ್ನ ಕುತೂಹಲವೆಲ್ಲ ಅಲ್ಲಿ ಹುಟ್ಟಿದ ಒಂದು ಅಂಕಪಟ್ಟಿಯ ಮೇಲೆ.

ಲಾರಿ ಹರಿದು ಮೊಳಕಾಲ ಕೆಳಗೆ ಎಲುಬು ಹೊರಬಂದಿದೆ ಅನ್ನಿ. ಕಾಲು ಉಳಿಸುವುದೋ, ತೆಗೆಯುವುದೋ? ಹಿಂದೆ ಇದು ವೈದ್ಯರ ಅನುಭವಕ್ಕೆ ಬಿಟ್ಟ ಮಾತಾಗಿತ್ತು. ರಾಜಶೇಖರನ್ ತಂಡ 2006ರಲ್ಲಿ ಪ್ರಕಟಿಸಿದ ಗಂಗಾ ಸ್ಕೋರ್ ಅದಕ್ಕೆ ಲೆಕ್ಕ ಕೊಟ್ಟಿತು. ಚರ್ಮಕ್ಕೆ 1ರಿಂದ 5, ಎಲುಬಿಗೆ 1ರಿಂದ 5, ಸ್ನಾಯು-ನರಗಳಿಗೆ 1ರಿಂದ 5. ಇದರ ಮೇಲೆ ಗಾಯಾಳುವಿನ ಪರಿಸ್ಥಿತಿಗೆ ತಲಾ 2: ಗಾಯ ತೊಳೆದು ಕೊಳೆತದ್ದನ್ನು ತೆಗೆಯುವ ಹೊತ್ತಿಗೆ 12 ತಾಸು ಮೀರಿದ್ದರೆ, ಚರಂಡಿಯ ಕೊಳಕೋ ಕೊಟ್ಟಿಗೆಯ ಗಲೀಜೋ ಗಾಯಕ್ಕೆ ತಾಗಿದ್ದರೆ, ವಯಸ್ಸು 65 ದಾಟಿದ್ದರೆ, ಮಾತ್ರೆ ನುಂಗುವ ಸಕ್ಕರೆ ಕಾಯಿಲೆ ಇದ್ದರೆ, ರಕ್ತದೊತ್ತಡ ತೀರಾ ಕುಸಿದಿದ್ದರೆ, ಹೀಗೆ. ಮೊತ್ತ 14 ಅಥವಾ ಕಡಿಮೆ ಇದ್ದರೆ ಕಾಲು ಉಳಿಸುವ ಪ್ರಯತ್ನ. 17 ಮುಟ್ಟಿದರೆ ತೆಗೆಯುವುದೇ ಲೇಸು. ನಡುವಿನ 15, 16ರಲ್ಲಿ ಮತ್ತೆ ವೈದ್ಯರ ವಿವೇಚನೆ, ಮನೆಯವರ ಸಂಕಟ.

ನನಗೆ ಹಿಡಿಸಿದ್ದು ಆ ಕೊಟ್ಟಿಗೆಯ ಎರಡು ಅಂಕ. ಹೊಲದ ಬದುವಿನಲ್ಲಿ ಬಿದ್ದವನ ಕಾಲನ್ನು ನೋಡಿ ನೋಡಿಯೇ ಬರೆದ ಪಟ್ಟಿ ಇದು. ತಡವಾಗಿ ಬಂದವನೂ ಇದರಲ್ಲಿದ್ದಾನೆ. ಆ ತಡವನ್ನು ಕಡಿಮೆ ಮಾಡಲೆಂದೇ ತಮಿಳುನಾಡು ಸರ್ಕಾರ 2021ರ ಡಿಸೆಂಬರಿನಲ್ಲಿ ಅಪಘಾತದ ಮೊದಲ 48 ತಾಸಿನ ಚಿಕಿತ್ಸೆ ಉಚಿತ ಮಾಡಿತು. ಗಾಯಾಳು ಹೊರರಾಜ್ಯದವನಾದರೂ ಸರಿ, ಅಪಘಾತ ಆ ರಾಜ್ಯದ ರಸ್ತೆಯಲ್ಲಿ ಆಗಿರಬೇಕು ಅಷ್ಟೆ.

ಆದರೆ ಕಾಲು ಉಳಿಯಿತು, ಆಮೇಲೆ? ಬೆನ್ನುಹುರಿಗೆ ಪೆಟ್ಟಾದವರದ್ದು ಇನ್ನೂ ಕಷ್ಟ. ಪೊಳ್ಳಾಚಿಯ ಸುತ್ತೆಲ್ಲ ತೆಂಗಿನ ತೋಟ, ಮರದಿಂದ ಬಿದ್ದರೆ ಸೊಂಟದಿಂದ ಕೆಳಕ್ಕೆ ಸ್ವಾಧೀನ ತಪ್ಪಬಹುದು. ಅಂಥವರ ಪ್ರಾಣಕ್ಕೆ ಕುತ್ತು ತರುವುದು ಹೆಚ್ಚಾಗಿ ಒತ್ತಡದ ಹುಣ್ಣು, ಮೂತ್ರದ ಸೋಂಕು. ಮಲಗಿದವರನ್ನು ಎರಡೆರಡು ತಾಸಿಗೆ ಮಗ್ಗುಲು ಬದಲಿಸಬೇಕು. ಗಾಲಿಕುರ್ಚಿಯಲ್ಲಿ ಕೂತವರು ಕಾಲು ಗಂಟೆಗೊಮ್ಮೆ ಕೈಯೂರಿ ಮೈಯನ್ನು ಎತ್ತಬೇಕು. ನಾಲ್ಕಾರು ತಾಸಿಗೊಮ್ಮೆ ಸಣ್ಣ ನಳಿಕೆಯಿಂದ ಮೂತ್ರ ತೆಗೆದುಕೊಳ್ಳುವುದನ್ನು ತಾವೇ ಕಲಿಯಬೇಕು. ಬಿದ್ದದ್ದು ಗೊತ್ತಾಗದ ಹುಣ್ಣನ್ನು ಕನ್ನಡಿ ಹಿಡಿದು ಹುಡುಕಬೇಕು. ಇದಕ್ಕೆಲ್ಲ ಆಪರೇಷನ್ ಥಿಯೇಟರ್ ಬೇಡ, ಹೇಳಿಕೊಡುವ ಒಬ್ಬರು ಮನೆಗೆ ಬಂದರೆ ಸಾಕು.

ಆ ಒಬ್ಬರನ್ನು ಕಳಿಸುವ ತಮಿಳುನಾಡಿನ ಯೋಜನೆ ‘ಮಕ್ಕಳೈ ತೇಡಿ ಮರುತ್ತುವಂ’, ಅಂದರೆ ಜನರನ್ನು ಹುಡುಕಿ ಬರುವ ವೈದ್ಯಸೇವೆ. 2021ರ ಆಗಸ್ಟ್ 5ರಂದು ನಮ್ಮ ಗಡಿಗೆ ಅಂಟಿಕೊಂಡ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಶುರುವಾದದ್ದು. ಸ್ವಸಹಾಯ ಸಂಘದ ಹೆಂಗಸರು ಬಿಪಿ, ಶುಗರ್ ಮಾತ್ರೆಯನ್ನು ಮನೆಗೇ ತಲುಪಿಸುತ್ತಾರೆ. ಎದ್ದು ಓಡಾಡಲಾಗದವರ ಮನೆಗೆ ಫಿಸಿಯೋಥೆರಪಿಸ್ಟ್, ಉಪಶಮನ ಆರೈಕೆಯ ನರ್ಸ್ ಹೋಗುತ್ತಾರೆ. ಕಾಗದದ ಮೇಲೆ ಚಂದ. ಬ್ಲಾಕಿನ ಹಳ್ಳಿಗಳನ್ನೆಲ್ಲ ಸುತ್ತುವ ಫಿಸಿಯೋಥೆರಪಿಸ್ಟ್ ಮತ್ತೆ ಅದೇ ಮನೆಗೆ ಬರುವ ಹೊತ್ತಿಗೆ ಮಡಿಸಿದ ಮೊಣಕಾಲು ಹಾಗೇ ಬಿಗಿದುಹೋಗಿರಬಾರದು ಎಂಬುದಷ್ಟೇ ನನ್ನ ಆತಂಕ. ನಮ್ಮ ಕರ್ನಾಟಕದಲ್ಲೂ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ (ವಿಆರ್‌ಡಬ್ಲ್ಯು) ಇದ್ದಾರೆ. ಅವರಲ್ಲಿ ಹಲವರು ಸ್ವತಃ ಅಂಗವಿಕಲರು. ಸಿಗುವುದು ಗೌರವಧನ ಮಾತ್ರ.

ಮತ್ತೆ ಕೊಯಮತ್ತೂರಿಗೆ ಬಂದರೆ, ಅದೇ ಮೆಟ್ಟುಪಾಳಯಂ ರಸ್ತೆಯಲ್ಲಿ ಇನ್ನಷ್ಟು ಮುಂದೆ ಪೆರಿಯನಾಯಕನ್‌ಪಾಳಯಂ. ಅವಿನಾಶಿಲಿಂಗಂ ಚೆಟ್ಟಿಯಾರ್ 1930ರಲ್ಲಿ ಕಟ್ಟಿದ ರಾಮಕೃಷ್ಣ ಮಿಷನ್ ವಿದ್ಯಾಲಯ ಇರುವುದು ಇಲ್ಲಿ. ಒಬ್ಬ ಹರಿಜನ ಹುಡುಗ, ಐದೂಮುಕ್ಕಾಲು ರೂಪಾಯಿ ಬಂಡವಾಳ ಎಂದು ಸಂಸ್ಥೆಯವರು ಹೇಳಿಕೊಳ್ಳುತ್ತಾರೆ. ಈಗ ಆ ಆವರಣದಲ್ಲಿ ಅಂಗವಿಕಲ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರು ತಯಾರಾಗುತ್ತಾರೆ. ನಗರದ ಸ್ವರ್ಗ ಫೌಂಡೇಶನ್ ಗಾಲಿಕುರ್ಚಿ ಸಮೇತ ಹತ್ತಬಹುದಾದ ‘ಸಾರಥಿ’ ವಾಹನ ಓಡಿಸಿತು. ಆ ಫೌಂಡೇಶನ್ ಕಟ್ಟಿದ ಸ್ವರ್ಣಲತಾ ಅವರಿಗೆ ಸ್ವತಃ ಮಲ್ಟಿಪಲ್ ಸ್ಕ್ಲೆರೋಸಿಸ್.

ಓಡಾಟದ ಜೊತೆಗೆ ದುಡಿಮೆಯೂ ಬೇಕಲ್ಲ. 2009ರಲ್ಲಿ ಬೇರೆ ಜಿಲ್ಲೆಯಾದ ಪಕ್ಕದ ತಿರುಪ್ಪೂರಿನಲ್ಲಿ ಕೂತು ಮಾಡುವ ಕೆಲಸಕ್ಕೇನೂ ಬರವಿಲ್ಲ. ಬನಿಯನ್ ಕಂಪನಿಯಲ್ಲಿ ನೂಲು ಕತ್ತರಿಸುವುದು, ಚೆಕಿಂಗ್, ಲೇಬಲ್ ಹಚ್ಚುವುದು ಎಲ್ಲವೂ ಕೈಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ನೌಕರಿಯಲ್ಲಿ ಶೇ 4 ಮೀಸಲು ಇಟ್ಟಿತು. ಖಾಸಗಿಯವರಿಗೆ ಕಡ್ಡಾಯ ಮಾಡಲಿಲ್ಲ. ಶೇ 5ರಷ್ಟು ಅಂಗವಿಕಲರಿಗೆ ಕೆಲಸ ಕೊಟ್ಟರೆ ಪ್ರೋತ್ಸಾಹಧನ ಎಂದಿತು, ಅದೂ ಸರ್ಕಾರದ ಆರ್ಥಿಕ ಶಕ್ತಿಗೆ ತಕ್ಕಂತೆ. ಬೆಳಿಗ್ಗೆ ಹಳ್ಳಿ ಹಳ್ಳಿಯಿಂದ ಹೆಂಗಸರನ್ನು ತುಂಬಿಕೊಂಡು ಬರುವ ಕಂಪನಿ ವ್ಯಾನುಗಳಲ್ಲಿ ಒಂದೆರಡಕ್ಕಾದರೂ ‘ಸಾರಥಿ’ಯಂಥ ಏರ್ಪಾಡು ಇದ್ದಿದ್ದರೆ ಎಂದು ಆಸೆಯಾಗುತ್ತದೆ.