ಗೊರಸು ಒಡೆಯಬಾರದ ಪದರ

ಪ್ರಶ್ನೆ: ದನಗಳು ತುಳಿದು ನೆಲದ ಗಟ್ಟಿ ಪದರ ಒಡೆದರೆ ಹುಲ್ಲು ಚೆನ್ನಾಗಿ ಬರುತ್ತದಂತೆ, ನಿಜವೇ?

ಉತ್ತರ: ಅದು ಎಂಥ ಪದರ ಎಂಬುದರ ಮೇಲೆ ನಿಂತಿದೆ. ಮಳೆಹನಿ ಬಡಿದು ನಮ್ಮ ಕೆಂಪು ಹೊಲಗಳಲ್ಲಿ ಕಟ್ಟುವ ಪದರಕ್ಕೆ ಜೀವವಿಲ್ಲ. ಒಡೆದಷ್ಟೂ ಮೊಳಕೆಗೆ ಒಳ್ಳೆಯದು. ಅಮೆರಿಕದ ಯೂಟಾ ರಾಜ್ಯದ ಒಣ ಹುಲ್ಲುಗಾವಲುಗಳಲ್ಲಿ ಕಾಣುವ ಕಪ್ಪು, ಉಬ್ಬುತಗ್ಗಿನ ಪದರವಾದರೋ ಜೀವಂತ. ಮೈಕ್ರೊಕೋಲಿಯಸ್ ಎಂಬ ಸಯನೋಬ್ಯಾಕ್ಟೀರಿಯಾದ ಎಳೆಗಳು ತಮ್ಮ ಅಂಟು ಹೊದಿಕೆಯಿಂದ ಮರಳಿನ ಕಣಗಳನ್ನು ಹೆಣೆದು ಹಿಡಿಯುತ್ತವೆ. ಗಾಳಿ ಬೀಸಿದರೂ ಮಣ್ಣು ಏಳುವುದಿಲ್ಲ. ಜೊತೆಗಿರುವ ಕೊಲೆಮಾ ಕಲ್ಲುಹೂವು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತದೆ. ಆ ಬಡ ಮಣ್ಣಿಗೆ ಅದು ದೊಡ್ಡ ಆಸರೆ. ಒಣಗಿದಾಗ ಇವೆಲ್ಲ ಪೆಡಸಾಗಿ ಒಂದೇ ತುಳಿತಕ್ಕೆ ಪುಡಿಯಾಗುತ್ತವೆ. ಸಯನೋಬ್ಯಾಕ್ಟೀರಿಯಾ ತಕ್ಕಮಟ್ಟಿಗೆ ಬೇಗ ಮರಳೀತು. ಕಲ್ಲುಹೂವಿಗೆ ದಶಕಗಳೇ ಬೇಕು.

ಗೊರಸಿನ ತುಳಿತ ನೆಲಕ್ಕೆ ಹಿತವೆಂದು ಜಿಂಬಾಬ್ವೆಯ ಪರಿಸರತಜ್ಞ ಅಲನ್ ಸೇವರಿ ವಾದಿಸಿದರು. ಕಾಡೆಮ್ಮೆಯಂಥ ಬೈಸನ್‌ಗಳ ಭಾರೀ ಹಿಂಡುಗಳ ಜೊತೆ ಬೆಳೆದ ಅಮೆರಿಕದ ಮಧ್ಯದ ಬಯಲುಗಳ ಹುಲ್ಲು ತುಳಿತವನ್ನು ತಾಳುತ್ತದೆ. ಯೂಟಾದ ಒಣನೆಲ ಅಂಥ ಹಿಂಡುಗಳನ್ನು ಕಂಡದ್ದಲ್ಲ. ಹಾಗಾಗಿ ಅಲ್ಲಿ ಸೇವರಿಯವರ ಮಾತನ್ನು ಒಪ್ಪಲಾರೆ. ಮೇಯಿಸಲೇಬೇಕಾದರೆ ದನಗಳನ್ನು ಕಡಿಮೆ ಮಾಡಿ, ನೆಲ ತೇವವಿರುವ ಚಳಿಗಾಲದಲ್ಲಿ ಬಿಡುವುದು ಮೇಲು.